ಬದಲಿಗೆ ಬಂದ ರಕ್ತ

ಆ ದಿನ ಬೆಳಿಗ್ಗೆ ಏಳು ಗಂಟೆಗೆ, ಮಾದಾಪುರದ ಹತ್ತಿರದ ಆ ಎಸ್ಟೇಟಿನ ಡಿಸ್ಪೆನ್ಸರಿ ಜಗಲಿಯಲ್ಲಿ ನಾವು ಇದ್ದದ್ದು ನಾಲ್ಕು ಜನ. ನಾನು, ನಮ್ಮ ಲ್ಯಾಬಿನ ಟೆಕ್ನಿಷಿಯನ್, ಎಸ್ಟೇಟಿನ ರೈಟರ್, ಮತ್ತೆ ನಮ್ಮ ಜೀಪಿನ ಡ್ರೈವರ್. ಡ್ರೈವರನ್ನು ಅರ್ಧ ಜನ ಅಂತ ಲೆಕ್ಕ ಹಿಡಿದರೂ ತಪ್ಪಿಲ್ಲ. ಸೂಜಿ ಕಂಡರೆ ಆತನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ಜಗಲಿಗೆ ಬೆನ್ನು ಹಾಕಿ, ಕಾಫಿ ಒಣಗಿಸುವ ಕಣದ ಕಡೆ ಮುಖ ಮಾಡಿ ನಿಂತಿದ್ದ.

ಮಂಜು ಇನ್ನೂ ಎದ್ದಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ. ಲೈನಿನಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ, ಜನ ಒಬ್ಬೊಬ್ಬರಾಗಿ ಬರುತ್ತಿದ್ದರು. ತಲೆಗೆ ಬಟ್ಟೆ, ಮೂಗು ಬಾಯಿಗೆ ಮಾಸ್ಕು, ಸೀರೆ ಮೇಲೆ ಉದ್ದ ತೋಳಿನ ಗಂಡಸರ ಅಂಗಿ, ಸೊಂಟಕ್ಕೆ ಗೋಣಿ. ಆಗಿನ್ನೂ ಮಾಸ್ಕ್ ಕಡ್ಡಾಯವಿದ್ದ ಕಾಲ. ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಾನು ವೈರಸ್‌ಗಳ ಮೇಲೆ ಕೆಲಸ ಮಾಡುವವಳು. ಅಲ್ಲಿಯವರು ನನ್ನನ್ನು ಡಾಕ್ಟ್ರಮ್ಮ ಅನ್ನುತ್ತಿದ್ದರು. ಮಾತ್ರೆ ಕೊಡದ ಡಾಕ್ಟ್ರಮ್ಮ. ಮೊದಲ ಸಲ ಹೋದಾಗ ಒಬ್ಬಾಕೆ ಮಂಡಿ ನೋವಿಗೆ ಏನಾದರೂ ಕೊಡಿ ಅಂದಿದ್ದಳು. ಇಲ್ಲವಮ್ಮ, ನಾನು ಆ ಡಾಕ್ಟರಲ್ಲ ಅಂದದ್ದಕ್ಕೆ, "ಮತ್ತೆ ಯಾವ ಡಾಕ್ಟರು? ರಕ್ತ ಇಸ್ಕೊಂಡ್ ಹೋಗೋ ಡಾಕ್ಟರಾ?" ಅಂತ ಕೇಳಿ, ಅವಳ ಹಿಂದೆ ನಿಂತ ಅಷ್ಟೂ ಜನರನ್ನು ನಗಿಸಿದ್ದಳು. ಮಾತು ನಿಜವೇ. ನಾನು ರಕ್ತ ಇಸ್ಕೊಂಡು ಹೋಗುವ ಡಾಕ್ಟರು.

ನಮ್ಮ ಕೆಲಸ ಇಷ್ಟು. ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿದ ಹೊಸ ಕೊರೊನಾ ವೈರಸ್ಸಿಗೆ ನಾಲ್ಕು ಜನ ಹಳೆಯ ದಾಯಾದಿಗಳಿದ್ದಾರೆ. ಪ್ರತಿ ವರ್ಷ ಮಳೆಗಾಲ, ಚಳಿಗಾಲಕ್ಕೆ ಬಂದು ನಮಗೆಲ್ಲ ಮೂಗು ಸೋರಿಸಿ ಹೋಗುವ ಸಾಧಾರಣ ಶೀತದ ವೈರಸ್‌ಗಳು. ಒಮ್ಮೆ ಬಂದ ವೈರಸ್ಸನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಎಷ್ಟು ದಿನ ಇರುತ್ತದೆ, ಹಳೆಯ ನಾಲ್ಕರ ನೆನಪು ಹೊಸದಕ್ಕೆ ಏನಾದರೂ ಸಹಾಯ ಮಾಡುತ್ತದೆಯೇ, ಇದನ್ನು ನೋಡುವುದು. ಅದಕ್ಕೆ ಒಬ್ಬರೇ ಮನುಷ್ಯರ ರಕ್ತ ಆರಾರು ತಿಂಗಳಿಗೊಮ್ಮೆ ಬೇಕು. ಇಡೀ ಕೆಲಸ ನಿಂತಿದ್ದೇ ಆ 'ಒಬ್ಬರೇ' ಅನ್ನುವ ಮಾತಿನ ಮೇಲೆ.

ಮೊದಲ ಸುತ್ತು ಮಳೆ ಶುರುವಾಗುವ ಮೊದಲೇ ಮುಗಿದಿತ್ತು. ನಲವತ್ತು ಜನ ಒಪ್ಪಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ್ದರು. ಈಗ ಎರಡನೆಯ ಸುತ್ತು. ಪಿಕ್ಕಿಂಗ್ ಹೊತ್ತಲ್ಲಿ ಅಷ್ಟೂ ಜನ ಸಿಗುತ್ತಾರೋ ಇಲ್ಲವೋ ಅಂತ ನನಗೆ ಹಿಂದಿನ ವಾರದಿಂದ ನಿದ್ದೆಯಿಲ್ಲ. ರೈಟರ್‌ಗೆ ಫೋನ್ ಮಾಡಿದಾಗೆಲ್ಲ ಒಂದೇ ಮಾತು ಹೇಳಿದ್ದೆ: "ಒಂದು ಹೆಸರೂ ಬಿಟ್ಟುಹೋಗಬಾರದು."

ರೈಟರ್ ಸೋಮವಾರಪೇಟೆ ಕಡೆಯವರು, ನನ್ನ ಸೀಮೆಯವರೇ. ಮೂವತ್ತು ವರ್ಷದಿಂದ ಆ ಎಸ್ಟೇಟಿನ ಹಾಜರಿ ಪುಸ್ತಕ, ಅವರ ಮಾತಲ್ಲಿ ಚೆಕ್‌ರೋಲು, ಬರೆದವರು. ಜಗಲಿಯ ತುದಿಗೆ ಬಂದು ಗಂಟಲು ಸರಿ ಮಾಡಿಕೊಂಡರು.

"ಹೆಸರು ಕರೀತೀನಿ. ಬರ್ತೀರಿ, ಕೈ ಕೊಡ್ತೀರಿ, ಕೆಲಸಕ್ಕೆ ಹೋಗ್ತೀರಿ. ಈಗ ಆಗದೋರು ಸಂಜೆ ಹಣ್ಣು ತೂಕ ಆದ್ಮೇಲೆ ಬನ್ನಿ. ಒಂದು ಹೆಸರೂ ಬಿಟ್ಟೋಗ್ಬಾರ್ದು ಅಂತ ಡಾಕ್ಟ್ರಮ್ಮ ಕಟ್ಟುನಿಟ್ಟಾಗಿ ಹೇಳವ್ರೆ."

"ಕೈ ಕೊಡೋರು ನಾವಲ್ಲ ರೈಟ್ರೇ, ನೀವು" ಅಂತ ಗುಂಪಿನಿಂದ ಒಂದು ಹೆಣ್ಣು ದನಿ ಬಂತು. ರೈಟರೂ ನಕ್ಕರು.

ಟೆಕ್ನಿಷಿಯನ್ ಕರಿಕೆಯವಳು. ಮನೆಯಲ್ಲಿ ಅರೆಭಾಷೆ, ಗಡಿಯಾಚೆಯವರ ಜೊತೆ ಮಲಯಾಳ, ನಮ್ಮ ಜೊತೆ ಕನ್ನಡ. ವಾರವೆಲ್ಲ ಮಡಿಕೇರಿಯ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರದ ಬಸ್ಸಿಗೆ ಗಂಡ ಮಕ್ಕಳ ಹತ್ತಿರ ಹೋಗುವವಳು. ಅಂಥ ಕೈ ನಾನು ಇನ್ನೊಂದು ಕಂಡಿಲ್ಲ. ನರ ಸಿಗದ ತೋಳನ್ನು ಎರಡು ಬೆರಳಲ್ಲಿ ಸವರಿ, ಏನೋ ಒಂದು ಮಾತಾಡಿಸುತ್ತಾ, ಅವರು ಉತ್ತರ ಹೇಳಿ ಮುಗಿಸುವುದರೊಳಗೆ ಟ್ಯೂಬು ತುಂಬಿಸಿರುತ್ತಿದ್ದಳು. ಎಲ್ಲರೂ ಅವಳನ್ನು ಸಿಸ್ಟರ್ ಅನ್ನುತ್ತಿದ್ದರು. "ನಾನು ಸಿಸ್ಟರ್ ಅಲ್ಲ, ಟೆಕ್ನಿಷಿಯನ್" ಅಂತ ಮೊದಮೊದಲು ಹೇಳುತ್ತಿದ್ದಳು. ಆಮೇಲೆ ಬಿಟ್ಟಳು.

ಅವಳಿಗೆ ಯಾರ ಹೆಸರೂ ಗೊತ್ತಾಗಬಾರದು ಅಂತ ನಾನೇ ನಿಯಮ ಮಾಡಿದ್ದೆ. ಹೆಸರು, ವಯಸ್ಸು ಎಲ್ಲ ರೈಟರ್ ಹತ್ತಿರದ ಪಟ್ಟಿಯಲ್ಲಿ. ಅವರು ಹೆಸರು ಕರೆದು, ಬಂದವರ ಕೈಗೆ ನಂಬರಿನ ಚೀಟಿ ಕೊಡುವುದು. ಇವಳು ಚೀಟಿ ನೋಡಿ ಅದೇ ನಂಬರನ್ನು ಟ್ಯೂಬಿಗೆ ಅಂಟಿಸಿ, ತನ್ನ ಹಾಳೆಯಲ್ಲಿ ಹೊತ್ತು ಮತ್ತು ಯಾವ ಕೈ ಅಂತ ಬರೆದುಕೊಳ್ಳುವುದು. ಲ್ಯಾಬಿನಲ್ಲಿ ಯಾರೂ ಯಾರ ಪರವೂ ವಾಲಬಾರದು ಅಂತ ನಾವು ಮಾಡಿಕೊಳ್ಳುವ ಏರ್ಪಾಡು ಇದು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ.

ಬೆಳಗಿನ ಟ್ಯೂಬುಗಳನ್ನು ಒಂದು ಟ್ರಿಪ್ಪು, ಸಂಜೆಯವನ್ನು ಇನ್ನೊಂದು ಟ್ರಿಪ್ಪು ಮಡಿಕೇರಿಗೆ ಸಾಗಿಸಿದೆವು. ರಕ್ತದೊಳಗಿನ ಬಿಳಿಯ ಕಣಗಳು ಜೀವಂತ ಬೇಕಾದರೆ ಐಸಿನಲ್ಲಿ ಇಡುವ ಹಾಗಿಲ್ಲ, ಕುಲುಕುವ ಹಾಗಿಲ್ಲ. ಆ ತಿರುವುಗಳಲ್ಲಿ ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದೆ. ಲ್ಯಾಬಿನಲ್ಲಿ ಮಂದವಾದ ಒಂದು ದ್ರವದ ಮೇಲೆ ರಕ್ತವನ್ನು ಹನಿಹನಿಯಾಗಿ ಹಾಸಿ, ಯಂತ್ರಕ್ಕಿಟ್ಟು ಗಿರಗಿರ ತಿರುಗಿಸಬೇಕು. ಕೆಂಪು ಕೆಳಗೆ ಇಳಿಯುತ್ತದೆ, ಹಳದಿ ಮೇಲೆ ನಿಲ್ಲುತ್ತದೆ, ನಡುವೆ ಹಾಲಿನ ಕೆನೆಯ ಹಾಗೆ ತೆಳ್ಳನೆಯ ಬಿಳಿ ಪದರ ಕಾಣಿಸುತ್ತದೆ. ಆ ಕೆನೆಯೇ ನಮ್ಮ ಆಸ್ತಿ. ಮೈಯ ನೆನಪು ಇರುವುದು ಅಲ್ಲಿ. ಅದನ್ನು ಹೀರಿ ತೆಗೆದು ದ್ರವ ಸಾರಜನಕದ ಕ್ಯಾನಿಗೆ, ಮೇಲಿನ ಹಳದಿ ಪ್ಲಾಸ್ಮಾವನ್ನು ಫ್ರೀಜರಿಗೆ. ಸಂಜೆಯ ಕಂತು ಮುಗಿದಾಗ ನಲವತ್ತಕ್ಕೆ ನಲವತ್ತೂ ಇದ್ದವು. ಖುಷಿಗೆ ನಾನೇ ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ.

ಖುಷಿ ಮೂರು ವಾರ ಇತ್ತು.

ಪ್ಲಾಸ್ಮಾದ ಪರೀಕ್ಷೆ ನೋಡಲು ಚೆಂದ. ತೊಂಬತ್ತಾರು ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಯ ತಳದಲ್ಲಿ ವೈರಸ್ಸಿನ ಒಂದು ಚೂರನ್ನು ಅಂಟಿಸಿರುತ್ತೇವೆ. ಪ್ಲಾಸ್ಮಾದಲ್ಲಿ ಅದರ ಗುರುತು ಹಿಡಿಯುವ ಪ್ರತಿಕಾಯಗಳಿದ್ದರೆ ಕೊನೆಗೆ ಗುಳಿ ಹಳದಿಯಾಗುತ್ತದೆ. ಎಷ್ಟು ನೆನಪೋ ಅಷ್ಟು ಹಳದಿ. ಹೊಸ ವೈರಸ್ಸಿಗೆ ಒಂದು, ಹಳೆಯ ನಾಲ್ಕಕ್ಕೆ ನಾಲ್ಕು, ಹೀಗೆ ಒಬ್ಬೊಬ್ಬರಿಗೆ ಐದು ಗುಳಿ. ಐದೂ ಸೇರಿದರೆ ಅದೊಂದು ಮುಖದ ಹಾಗೆ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಆರು ತಿಂಗಳಲ್ಲಿ ಮುಖ ಸ್ವಲ್ಪ ಬಾಡಬಹುದು, ಬೇರೆಯದೇ ಆಗುವುದಿಲ್ಲ.

ಅಂಕಿಗಳನ್ನು ನೋಡುವ ಸಹೋದ್ಯೋಗಿ ಬೆಂಗಳೂರಿನಿಂದ ಫೋನ್ ಮಾಡಿದ. "ಮೇಡಂ, ಮೂವತ್ತೊಂದು ಜನ ಸರಿಯಾಗಿದ್ದಾರೆ. ಒಂಬತ್ತು ಜನ ಬೇರೆಯವರಾಗಿಬಿಟ್ಟಿದ್ದಾರೆ."

"ಬೇರೆಯವರು ಅಂದರೆ?"

"ಅಂದರೆ ಬೇರೆಯವರು. ಐದಕ್ಕೆ ಐದೂ ಬದಲಾಗಿದೆ."

ಪರೀಕ್ಷೆಯ ಕಿಟ್ಟು ಕೆಟ್ಟಿರಬೇಕು ಅಂತ ಹೊಸ ಕಿಟ್ಟಿನಲ್ಲಿ ಮತ್ತೆ ಮಾಡಿಸಿದೆ. ಅದೇ ಬಂತು. ಕರೆಂಟು ಹೋದಾಗ ಫ್ರೀಜರ್ ಬಿಸಿಯಾಯಿತೇನೋ ಅಂತ ತಾಪಮಾನದ ಹಾಳೆ ತೆಗೆದೆ. ಗೆರೆ ಎಲ್ಲೂ ಅಲುಗಿರಲಿಲ್ಲ. ಆಮೇಲೆ ಒಂದು ಹಳೆಯ ಉಪಾಯ ನೆನಪಾಯಿತು. ಪ್ಲಾಸ್ಮಾದಿಂದಲೂ ರಕ್ತದ ಗುಂಪು ಹೇಳಬಹುದು. ಮಾಡಿ ನೋಡಿದರೆ, ಬೇಸಿಗೆಯಲ್ಲಿ ಬಿ ಇದ್ದವರು ಚಳಿಗಾಲದಲ್ಲಿ ಓ ಆಗಿದ್ದಾರೆ. ಮನುಷ್ಯನ ಮನಸ್ಸು ಬದಲಾಗಬಹುದು, ರಕ್ತದ ಗುಂಪು ಬದಲಾಗುವುದಿಲ್ಲ. ಆ ಟ್ಯೂಬುಗಳಲ್ಲಿ ಇದ್ದದ್ದು ಬೇರೆಯವರ ರಕ್ತ. ಡಿಎನ್ಎ ನೋಡಿದ್ದರೆ ಯಾರದೆಂದು ಒಂದೇ ದಿನಕ್ಕೆ ಗೊತ್ತಾಗುತ್ತಿತ್ತು. ಆದರೆ ಅವರು ಹೆಬ್ಬೆಟ್ಟು ಹಾಕಿಕೊಟ್ಟ ಕಾಗದದಲ್ಲಿ ಡಿಎನ್ಎ ಮಾತಿರಲಿಲ್ಲ. ಕೇಳದೆ ಮುಟ್ಟುವ ಹಾಗಿಲ್ಲ.

ಟೆಕ್ನಿಷಿಯನ್ ಈ ದಿನಗಳಲ್ಲಿ ಮಾತು ಕಡಿಮೆ ಮಾಡಿದ್ದಳು. ಟ್ಯೂಬಿಗೆ ನಂಬರ್ ಅಂಟಿಸಿದವಳು ಅವಳೇ ಅಲ್ಲವೇ. ಒಂದು ಮಧ್ಯಾಹ್ನ ತಾನೇ ಬಂದು ನನ್ನ ಮೇಜಿನೆದುರು ನಿಂತಳು.

"ಮೇಡಂ, ನಾನು ನಂಬರ್ ಅದಲುಬದಲು ಮಾಡಿದ್ರೆ, ಇವರ ರಕ್ತ ಅವರ ಟ್ಯೂಬಲ್ಲಿ ಇದ್ದರೆ, ಅವರದ್ದು ಇವರ ಟ್ಯೂಬಲ್ಲಿ ಇರ್ಬೇಕು ಅಲ್ವಾ? ಆ ಒಂಬತ್ತು ಮುಖ ರ‍್ಯಾಕಲ್ಲಿ ಬೇರೆ ಎಲ್ಲಾದ್ರೂ ಸಿಗ್ಬೇಕು. ಹುಡುಕಿಸಿ."

ಒಳ್ಳೆಯ ಮಾತು ಅನ್ನಿಸಿತು. ಹುಡುಕಿಸಿದೆ. ಅದೇ ನಮಗೆ ಮುಳುವಾಯಿತು.

ಕಳೆದುಹೋದ ಒಂಬತ್ತು ಮುಖಗಳು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅವಳಿಜವಳಿಗಳು. ತಪ್ಪಾದ ಒಂಬತ್ತು ಟ್ಯೂಬಿಗೂ ಅದೇ ದಿನದ ಇನ್ನೊಂದು ಟ್ಯೂಬು ತದ್ರೂಪಾಗಿ ಹೊಂದುತ್ತಿತ್ತು. ಒಬ್ಬರದೇ ರಕ್ತ, ಎರಡು ಟ್ಯೂಬು, ಎರಡು ನಂಬರು. ರೈಟರ್ ಕೊಟ್ಟು ನಾನು ಬೀಗ ಹಾಕಿಟ್ಟಿದ್ದ ಪಟ್ಟಿ ತೆಗೆದು ಹೆಸರು ನೋಡಿದರೆ, ಆ ಇಬ್ಬಿಬ್ಬರು ಒಂದೇ ಮನೆಯವರು.

ಸಂಸ್ಥೆಯ ಮುಖ್ಯಸ್ಥರು ಅಂದೇ ಸಂಜೆ ಫೋನಿಗೆ ಬಂದರು. ಕೆಟ್ಟವರಲ್ಲ, ತಾಳ್ಮೆ ಕಡಿಮೆ. "ಇದು ಅಜಾಗರೂಕತೆ ಅಲ್ಲ ಮೇಡಂ. ಬಾರದೇ ಇದ್ದವರ ನಂಬರಿಗೆ ಬಂದವರ ರಕ್ತವನ್ನೇ ತುಂಬಿದ್ದಾರೆ. ಇದಕ್ಕೆ ಹೆಸರು ಸೃಷ್ಟಿ ಮಾಡಿದ್ದು ಅಂತ. ಒಂದೂ ಬಿಟ್ಟುಹೋಗಬಾರದು ಅಂತ ನೀವು ಒತ್ತಡ ಹಾಕಿದಿರಿ, ಆಕೆ ಲೆಕ್ಕ ಭರ್ತಿ ಮಾಡಿ ಕೊಟ್ಟರು. ಸೋಮವಾರ ಆಕೆಯನ್ನು ತೆಗೆಯುವ ಪತ್ರ ಕಳಿಸುತ್ತೇನೆ, ಕಾರಣ ಸಮೇತ. ನೀವು ಸಹಿ ಹಾಕಿ. ಆ ಎಸ್ಟೇಟಿನ ಅಷ್ಟೂ ಮಾದರಿ ಕೈಬಿಡೋಣ."

ಕಾರಣ ಸಮೇತ ಅಂದರೆ ಏನೆಂದು ನಮ್ಮ ಕಸುಬಿನವರಿಗೆ ಗೊತ್ತು. ಸುಳ್ಳು ಮಾದರಿ ಮಾಡಿದವಳು ಅಂತ ಒಮ್ಮೆ ಕಾಗದಕ್ಕೆ ಬಂದರೆ ಮುಗಿಯಿತು, ಆಮೇಲೆ ಮಡಿಕೇರಿಯಲ್ಲಷ್ಟೇ ಅಲ್ಲ, ಮಂಗಳೂರಲ್ಲೂ ಯಾವ ಲ್ಯಾಬೂ ಅವಳನ್ನು ಒಳಗೆ ಬಿಡುವುದಿಲ್ಲ.

ಮರುದಿನ ಅವಳನ್ನು ಕೂರಿಸಿಕೊಂಡೆ. ಹೇಗೆ ಕೇಳಬೇಕೋ ಗೊತ್ತಾಗದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ.

"ಒಬ್ಬರದ್ದೇ ಎರಡು ಟ್ಯೂಬಿಗೆ ತುಂಬಿದ್ದೀನಾ ಅಂತ ತಾನೇ ಕೇಳ್ಬೇಕಿರೋದು?" ಅಂದಳು.

"ಹೂಂ."

"ತುಂಬಿಲ್ಲ ಮೇಡಂ. ಒಂದೊಂದು ಚೀಟಿಗೆ ಒಂದೊಂದು ಸಲ ಸೂಜಿ ಹಾಕಿದ್ದೇನೆ. ನಂಗೆ ಗೊತ್ತುಟ್ಟು." ಕೊನೆಯ ಮಾತು ಅವಳ ಮನೆಯ ಭಾಷೆಯಲ್ಲಿ ಬಂತು. ಸಿಟ್ಟು ಬಂದಾಗಲೂ ಅಳು ಬಂದಾಗಲೂ ಅವಳು ಕರಿಕೆಗೆ ಹೋಗಿಬಿಡುತ್ತಿದ್ದಳು.

ನಾನು ನಂಬಿದೆ. ಆದರೆ ನಂಬಿಕೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಇಡಲು ಬರುವುದಿಲ್ಲ. ನನ್ನೆದುರು ಎರಡು ದಾರಿ ಇತ್ತು. ಪತ್ರಕ್ಕೆ ಸಹಿ ಹಾಕಿ ಉಳಿದ ಊರುಗಳ ಮಾದರಿಗಳನ್ನು ಉಳಿಸಿಕೊಳ್ಳುವುದು, ಅದರಲ್ಲಿ ಕಕ್ಕಬೆಯ ಕಡೆಯ ಒಂದು ತಂಡ ಬಹಳ ಚೆನ್ನಾಗಿ ಬಂದಿತ್ತು. ಇಲ್ಲವೇ ಸೋಮವಾರದೊಳಗೆ ಆ ಲೈನಿಗೇ ಹೋಗಿ ಕೇಳುವುದು. ನಿಜ ಹೇಳುತ್ತೇನೆ, ಇಪ್ಪತ್ತೈದು ವರ್ಷದ ಕೆಲಸದಲ್ಲಿ ಅಂಕಿ ತಪ್ಪಾದಾಗ ಯಂತ್ರವನ್ನು ಕೇಳಿದ್ದೆ, ಕಿಟ್ಟು ಮಾರಿದವರನ್ನು ಕೇಳಿದ್ದೆ. ರಕ್ತ ಕೊಟ್ಟವರನ್ನು ಕೇಳಬೇಕು ಅಂತ ಅಷ್ಟು ದಿನ ಹೊಳೆದೇ ಇರಲಿಲ್ಲ.

"ಭಾನುವಾರ ಮಾದಾಪುರಕ್ಕೆ ಹೋಗೋಣ" ಅಂದೆ.

"ನಾನು ಬರಲ್ಲ ಮೇಡಂ. ಅವರ ಮುಂದೆ ನಿಂತು ಕೇಳೋದು ಅಂದ್ರೆ, ನಾನು ಕಳ್ಳಿ ಅಂತ ನೀವೇ ಹೇಳಿದ ಹಾಗೆ."

"ನೀನು ಬರದಿದ್ದರೆ ಹಾಗಂತ ಅವರೇ ಅಂದುಕೊಳ್ತಾರೆ."

ಭಾನುವಾರ ಊರಿಗೆ ಹೋಗದೆ ಬಂದಳು. ದಾರಿಯುದ್ದಕ್ಕೂ ಜೀಪಿನ ಕಿಟಕಿ ಬಿಟ್ಟು ಈಚೆ ನೋಡಲಿಲ್ಲ.

ಭಾನುವಾರ ಪಿಕ್ಕಿಂಗ್ ಇಲ್ಲ. ಲೈನಿನ ಮುಂದೆ ತೊಳೆದ ಬಟ್ಟೆ, ತಲೆ ಬಾಚಿಕೊಳ್ಳುವವರು, ರೇಡಿಯೊ. ನಾನು ದೊಡ್ಡ ತಪ್ಪಿನಿಂದಲೇ ಶುರು ಮಾಡಿದೆ. ಪಟ್ಟಿ ಹಿಡಿದು ನಿಂತುಕೊಂಡು ಕೇಳಿದೆ.

"ಹೋದ ಸಲ ಎಲ್ಲರೂ ರಕ್ತ ಕೊಟ್ಟಿದ್ದೀರಲ್ಲ?"

"ಓ, ಎಲ್ಲಾರೂ ಕೊಟ್ಟಿದ್ದೀವಿ."

ರೈಟರನ್ನು ಕರೆಸಿದೆ. ಅವರೂ ಕನ್ನಡಕ ಏರಿಸಿ, "ಎಲ್ಲಾ ಹೆಸರಿಗೂ ಟಿಕ್ ಬಿದ್ದಿದೆ ಮೇಡಂ. ಒಂದೂ ಬಿಟ್ಟಿಲ್ಲ" ಅಂದರು. ಅವರ ಮುಖದಲ್ಲಿ ಕೆಲಸ ಒಪ್ಪವಾಗಿ ಮಾಡಿದವರ ಸಮಾಧಾನ. ಟೆಕ್ನಿಷಿಯನ್ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಎಲ್ಲರೂ ಕೊಟ್ಟಿದ್ದರೆ ತಪ್ಪು ಯಾರದು, ಅವಳದೇ ತಾನೆ.

ವಾಪಸು ಹೊರಡುವುದೊಂದೇ ಉಳಿದಿತ್ತು. ಮೂರನೆಯ ಮನೆಯ ಮೆಟ್ಟಿಲಲ್ಲಿ ಒಬ್ಬ ಮುದುಕಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನೆನೆಸಿದ ಕಾಳು ಒಂದು ಪಾತ್ರೆಯಲ್ಲಿ, ಸಿಪ್ಪೆ ಒಂದು ಕಡೆ, ಹಳದಿ ಬೇಳೆ ಇನ್ನೊಂದು ಕಡೆ. ನಮ್ಮಜ್ಜಿಯ ಕೈ ನೆನಪಾಯಿತು. ಅಜ್ಜಿ ಊರಿನವರ ಸುದ್ದಿಯನ್ನೆಲ್ಲ ತಿಳಿಯುತ್ತಿದ್ದದ್ದು ಹೀಗೆ, ಯಾರದೋ ಜಗಲಿಯಲ್ಲಿ ಕೂತು, ಅವರ ಕೆಲಸಕ್ಕೆ ಕೈ ಹಾಕಿ. ನಾನು ಪಟ್ಟಿ ಮಡಚಿ ಚೀಲಕ್ಕೆ ಹಾಕಿ, ಆಕೆಯ ಪಕ್ಕ ಕೂತು ಕಾಳು ತೆಗೆದುಕೊಂಡೆ.

"ಡಾಕ್ಟ್ರಮ್ಮಂಗೆ ಹಿದ್ಕಕ್ಕೆ ಬತ್ತದಾ?" ಅಂದಳು ಮುದುಕಿ.

"ನೋಡಜ್ಜಿ." ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದೆ. ಬೇಳೆ ಹಾರಿ ಆಕೆಯ ಮಡಿಲಿಗೆ ಬಿತ್ತು.

"ಬತ್ತದೆ, ಬತ್ತದೆ. ಒಸಿ ಮೆಲ್ಲಗೆ."

ಅವಳ ಊರು ಕೊಳ್ಳೇಗಾಲದ ಕಡೆಯಂತೆ. ಅತ್ತೆಯ ಕಾಲದಲ್ಲೇ ಈ ಲೈನಿಗೆ ಬಂದವರು. ಸೊಸೆ ಒಳಗೆ ಒಲೆ ಹತ್ತಿರ ಇದ್ದಳು. ಹಬ್ಬ, ಹಣ್ಣಿನ ಫಸಲು, ಮಂಡಿ ನೋವು ಎಲ್ಲ ಆಯಿತು. ಪಾತ್ರೆ ಅರ್ಧಕ್ಕೆ ಬಂದಾಗ ನಾನು ಸುಮ್ಮನೆ ಮಾತಿಗೆ ಕೇಳಿದೆ, "ಅಲ್ಲಜ್ಜಿ, ಹೋದ ಸಲ ರಕ್ತ ತೆಗೆದ ಮೇಲೆ ಕೈಯೇನಾದರೂ ನೋಯ್ತಾ?"

"ನನ್ ಕೈಗೇನಾಗಿತ್ತು? ನಮ್ ಸೊಸೆ ಎಡಗೈ ಒಸಿ ಊದ್ಕಂಡಿತ್ತು, ಪಾಪ."

"ಸೊಸೆಯದು ಸರಿ. ನಿನ್ನ ಕೈ?"

"ಅದೇ ಕಣವ್ವಾ ನಂದು."

ನನ್ನ ಬೆರಳ ನಡುವಿನ ಕಾಳು ಅಲ್ಲೇ ನಿಂತಿತು. ಸೊಸೆ ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ನಾಚಿಕೆಯೂ ಇಲ್ಲದೆ, ಹೆದರಿಕೆಯೂ ಇಲ್ಲದೆ, ಇದ್ದದ್ದನ್ನು ಹೇಳಿದಳು:

"ಅವತ್ತು ಬಲಗೈದು ನಂದು, ಎಡಗೈದು ಅತ್ತೇದು."

ಮೊದಲ ಸುತ್ತಿನಲ್ಲಿ ರಕ್ತ ಕೊಟ್ಟ ಮೇಲೆ ಮುದುಕಿಗೆ, ಈ ವಯಸ್ಸಲ್ಲಿ ಹೋದ ರಕ್ತ ತಿರುಗಿ ಬರುತ್ತದೋ ಇಲ್ಲವೋ ಅನ್ನುವ ಯೋಚನೆ ಹತ್ತಿತ್ತಂತೆ. ಎರಡನೆಯ ಸಲ ಹೆಸರು ಕರೆದಾಗ ಸೊಸೆ ಬೆಳಿಗ್ಗೆ ತನ್ನದು ಕೊಟ್ಟು, ಸಂಜೆ ಅತ್ತೆಯ ಹೆಸರಿಗೆ ಎದ್ದು ಹೋಗಿದ್ದಳು. "ಬಲಗೈಲಿ ಬೆಳಿಗ್ಗೆ ಅಂಟಿಸಿದ್ ಪ್ಲಾಸ್ಟರ್ ಇತ್ತಲ್ಲ ಮೇಡಂ, ಅದ್ಕೇ ಸಿಸ್ಟರ್‌ಗೆ ಎಡಗೈ ಕೊಟ್ಟೆ."

"ಹೀಗೆ ಇನ್ನೂ ಯಾರಾದರೂ...?"

"ಸುಮಾರು ಜನ. ಆಗದೋರಿಗೆ ಮನೇರು ಬದಲಿ ಹೋಗದಿಲ್ವಾ?"

ಬದಲಿ! ಎಸ್ಟೇಟಿನಲ್ಲಿ ಇದು ಎಷ್ಟು ಹಳೆಯ ರೂಢಿ ಅಂದರೆ, ನಾನು ಅದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದೂ ಅದು ಇಲ್ಲಿಗೆ ಬಂದು ಕೂರಬಹುದು ಅಂತ ನನಗೆ ತೋಚಲಿಲ್ಲ. ಮನೆಯಲ್ಲಿ ಒಬ್ಬರಿಗೆ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬರು ಅವರ ಹೆಸರಿನಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಹೆಸರು ಖಾಲಿ ಬೀಳಬಾರದು. ಖಾಲಿ ಬಿದ್ದ ಹೆಸರು ಪುಸ್ತಕದಿಂದ ಹೋಗುತ್ತದೆ ಅನ್ನುವ ಹೆದರಿಕೆ ಅಜ್ಜಿಯರ ಕಾಲದ್ದು.

ರೈಟರ್ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ ಇದು?"

"ಗೊತ್ತಿಲ್ದೆ ಏನು ಮೇಡಂ?" ಅವರಿಗೇ ಆಶ್ಚರ್ಯ. "ಬದಲಿ ಬಂದೋರಿಗೆಲ್ಲ ನನ್ನ ಬುಕ್ಕಲ್ಲಿ ಗುರ್ತು ಹಾಕಿದೀನಿ. ನೀವು ಹೆಸರು ಬಿಟ್ಟೋಗ್ಬಾರ್ದು ಅಂದ್ರಿ. ಆಳು ಅದೇ ಆಗ್ಬೇಕು ಅಂತ ಅಂದಿರ್ಲಿಲ್ಲ."

ಆಫೀಸಿನಿಂದ ಪುಸ್ತಕ ತಂದರು. ನಮಗೆ ಕೊಟ್ಟದ್ದು ಟಿಕ್ ಹಾಕಿದ ಶುದ್ಧ ಪ್ರತಿ. ಅವರ ಸ್ವಂತ ಪುಸ್ತಕದಲ್ಲಿ ಅದೇ ದಿನದ ಪುಟದಲ್ಲಿ, ನೀಲಿ ಶಾಯಿಯಲ್ಲಿ, ಕೆಲವು ಹೆಸರುಗಳ ಮುಂದೆ ಒಂದು ದುಂಡಗಿನ 'ಬ'. ಎಣಿಸಿದೆ. ಒಂಬತ್ತು. ಪ್ರತಿಯೊಂದರ ಪಕ್ಕ ಯಾರು ನಿಂತರು ಅನ್ನುವುದೂ ಇತ್ತು.

ಟೆಕ್ನಿಷಿಯನ್ ಜೀಪಿಗೆ ಓಡಿ ತನ್ನ ಹಾಳೆಗಳ ಕಡತ ತಂದಳು. ಮೆಟ್ಟಿಲ ಮೇಲೆ ಅವರೆಯ ಸಿಪ್ಪೆ ಸರಿಸಿ ಹರಡಿದಳು. ಯಾವ ಕೈ ಅನ್ನುವ ಕಾಲಮ್ಮಿಗೆ ನಾವ್ಯಾರೂ ಅಲ್ಲಿವರೆಗೆ ಕಣ್ಣು ಹಾಯಿಸಿಯೇ ಇರಲಿಲ್ಲ. ಬಲ, ಬಲ, ಬಲ. ಹತ್ತು ಕಡೆ ಮಾತ್ರ ಎಡ. ಒಂಬತ್ತು ಆ ಒಂಬತ್ತೇ. ಹತ್ತನೆಯವನು ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಬಲಗೈಗೆ ಕಟ್ಟು ಹಾಕಿಸಿಕೊಂಡಿದ್ದವನು. ಅವನು ಎದುರೇ ನಿಂತು ಕಟ್ಟು ಬಿಚ್ಚಿದ ಕೈ ಎತ್ತಿ ತೋರಿಸಿದ.

ಅವಳು ನಗಲು ಹೋಗಿ ಅತ್ತುಬಿಟ್ಟಳು. "ಬೆಳಿಗ್ಗೆ ಬಂದೋರೇ ಸಂಜೆ ಬಂದ್ರಾ! ಮಾಸ್ಕು, ತಲೆಬಟ್ಟೆ, ಕಣ್ಣು ಮಾತ್ರ ಕಾಣ್ತಿತ್ತು ಮೇಡಂ. ನಾನು ತೋಳು ನೋಡೋಳು, ಕಣ್ಣು ಯಾಕೆ ನೋಡ್ಲಿ?"

"ಯಾಕಳ್ತೀಯ ಸಿಸ್ಟರ್? ನಾವು ನಿಮ್ ಕೆಲಸ ನಿಲ್ಬಾರ್ದು ಅಂತ ಮಾಡಿದ್ದು" ಅಂದಳು ಸೊಸೆ, ಗಾಬರಿಯಾಗಿ. ಅದೂ ನಿಜ. ಮೋಸ ಯಾರೂ ಮಾಡಿರಲಿಲ್ಲ. ದಿನವಿಡೀ ಹಣ್ಣು ಕೊಯ್ದು ಬಂದು, ಇನ್ನೊಬ್ಬರ ಪಾಲಿನ ಸೂಜಿಯನ್ನೂ ತಾವೇ ಚುಚ್ಚಿಸಿಕೊಂಡಿದ್ದರು. ನಾನು ಕೇಳಿದ್ದು ಹೆಸರು. ಅವರು ಹೆಸರನ್ನೇ ಕೊಟ್ಟಿದ್ದರು.

ಈಗ ವಿವರಿಸುವ ಸರದಿ ನನ್ನದು. ಮೊದಲ ಸುತ್ತಿನಲ್ಲಿ ನಾನು ಓದಿ ಹೇಳಿದ್ದ ಎರಡು ಪುಟದ ಕಾಗದ ಯಾರ ತಲೆಗೂ ಇಳಿದಿರಲಿಲ್ಲ ಅನ್ನುವುದು ಖಾತ್ರಿಯಾಗಿತ್ತು. ಮುದುಕಿಗೆ ಹೇಳಿದೆ, "ಅಜ್ಜಿ, ನಿನ್ನ ಬದಲು ಸೊಸೆ ಹಣ್ಣು ಕೊಯ್ದರೆ ಮೂಟೆ ತುಂಬುತ್ತೆ. ಆದರೆ ಶೀತ, ಜ್ವರ ಬಂದಿದ್ದು ನಿನ್ನ ಮೈಗೆ. ನಿನ್ನ ಮೈ ಅದನ್ನ ಇನ್ನೂ ನೆನಪಿಟ್ಟುಕೊಂಡಿದೆಯಾ ಅಂತ ನೋಡೋಕೆ ನಾವು ಬರೋದು."

ಮುದುಕಿ ಬೇಳೆಯ ಮೇಲೆ ಕೈಯಾಡಿಸಿದಳು.

"ಹಂಗಂತ ಮೊದ್ಲೇ ಹೇಳ್ಬೇಕು ತಾನೆ? ನಾನು ರಕ್ತ ಅಂದ್ಕಂಡೆ. ರಕ್ತ ಆದ್ರೆ ಯಾರದಾದ್ರೇನು? ನೆನಪಿಗೆ ಬದಲಿ ಕಳ್ಸಕ್ಕಾಯ್ತದಾ?"

ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ನಾನು ಹೇಳಲು ಒದ್ದಾಡಿದ್ದನ್ನು, ಆ ಮೆಟ್ಟಿಲ ಮೇಲೆ ಕೂತವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಮೇಲೆ ಹಳ್ಳಿಗಳಿಗೆ ಹೋದಾಗಲೆಲ್ಲ ನಾನು ಆ ಎರಡು ಪುಟ ಓದುವ ಮೊದಲು ಇದೇ ಮಾತಿನಿಂದ ಶುರು ಮಾಡುತ್ತೇನೆ.

ಸೋಮವಾರ ಮುಖ್ಯಸ್ಥರಿಗೆ ರೈಟರ್ ಪುಸ್ತಕದ ಆ ಪುಟದ ಚಿತ್ರ, ಟೆಕ್ನಿಷಿಯನ್ ಬರೆದ ಹಾಳೆ, ಬದಲಿಗೆ ನಿಂತ ಒಂಬತ್ತು ಜನರೂ ನಡೆದದ್ದನ್ನು ಹೇಳಿ ಹೆಬ್ಬೆಟ್ಟು ಹಾಕಿದ ಕಾಗದ ಮೂರನ್ನೂ ಕಳಿಸಿದೆ. ಜೊತೆಗೆ ಒಂದು ಪ್ಯಾರಾ ಬರೆದೆ: ಬೆಳಿಗ್ಗೆ ಒಂದು, ಸಂಜೆ ಒಂದು, ಬೇರೆ ಬೇರೆ ನಂಬರಿನಲ್ಲಿ ಒಬ್ಬರದೇ ರಕ್ತ ಬಂದಿದೆ, ಅದು ಗೊತ್ತಿಲ್ಲದೆ ನಮ್ಮ ಟೆಕ್ನಿಷಿಯನ್ ಎರಡನ್ನೂ ಬೇರೆ ಬೇರೆಯಾಗಿ ಸಂಸ್ಕರಿಸಿ, ಪರೀಕ್ಷಿಸಿ, ಒಂಬತ್ತಕ್ಕೆ ಒಂಬತ್ತು ಸಲವೂ ಒಂದೇ ಉತ್ತರ ತಂದಿದ್ದಾರೆ, ಇಂಥ ಕಠಿಣ ಪರೀಕ್ಷೆಯನ್ನು ನಾವೇ ಯೋಚಿಸಿ ಏರ್ಪಡಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ತಪ್ಪು ನನ್ನದು, ಗುರುತು ಖಚಿತ ಮಾಡಿಕೊಳ್ಳುವ ಹೆಜ್ಜೆಯನ್ನೇ ನಾನು ನಿಯಮದಲ್ಲಿ ಇಟ್ಟಿರಲಿಲ್ಲ.

ಮುಖ್ಯಸ್ಥರು ಫೋನ್ ಮಾಡಿದ್ದು ಮಧ್ಯಾಹ್ನ. "ಆ ಪತ್ರ ಕಳಿಸುವುದಿಲ್ಲ" ಅಂದರು. ಆಮೇಲೆ, "ಆಕೆಗೆ ಫೋನ್ ಕೊಡಿ" ಅಂದರು. ಅವಳ ಜೊತೆ ಏನು ಮಾತಾಡಿದರೋ ನಾನು ಕೇಳಲಿಲ್ಲ. ಹೊರಗೆ ಹೋಗಿ ನಿಂತಿದ್ದೆ. ಒಳಗೆ ಬಂದಾಗ ಅವಳು ಪೈಪೆಟ್ಟಿನ ತುದಿಗಳನ್ನು ಡಬ್ಬಿಗೆ ಜೋಡಿಸುತ್ತಾ ಏನೋ ಗುನುಗುತ್ತಿದ್ದಳು.

ಮುಂದಿನ ವಾರ, ಬದಲಿ ಕಳಿಸಿದ್ದ ಒಂಬತ್ತು ಜನರಲ್ಲಿ ಎಂಟು ಜನ ಬಂದು ತಮ್ಮ ತಮ್ಮ ರಕ್ತ ಕೊಟ್ಟರು. ತಡವಾಗಿ ತೆಗೆದದ್ದು ಅಂತ ವರದಿಯಲ್ಲಿ ಹಾಗೆಯೇ ಬರೆದೆವು. ಮುದುಕಿ ಅಷ್ಟು ಹೊತ್ತಿಗೆ ಹುಣಸೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಅವಳ ಎರಡನೆಯ ಸುತ್ತಿನ ಜಾಗವನ್ನು ಖಾಲಿ ಬಿಟ್ಟೆವು. ಖಾಲಿ ಜಾಗ ಕಂಡು ನನಗೆ ಅಂಥ ನೆಮ್ಮದಿಯಾದದ್ದು ಅದೇ ಮೊದಲು.

ಮೂರನೆಯ ಸುತ್ತಿಗೆ ಮತ್ತೆ ಅದೇ ಜಗಲಿಗೆ ಹೋದಾಗ ಕಾಫಿ ಹೂವಾಗಿ ಉದುರಿ ಮಳೆ ಹಿಡಿಯುವ ಹೊತ್ತು. ಮಾಸ್ಕಿನ ಕಾಲ ಮುಗಿದಿತ್ತು. ಈ ಸಲ ರೈಟರ್ ಹೆಸರು ಕರೆಯಲಿಲ್ಲ. ಬಂದವರೇ ತಮ್ಮ ಹೆಸರು ಹೇಳಬೇಕು, ಅವರು ಮುಖ ನೋಡಿ ಹೂಂ ಅನ್ನಬೇಕು, ಆಮೇಲೆ ಚೀಟಿ. ಡ್ರೈವರ್ ಎಂದಿನಂತೆ ಕಣದ ಕಡೆ ಮುಖ ಮಾಡಿ ನಿಂತಿದ್ದ.

ಮುದುಕಿ ಸೊಸೆಯ ತೋಳು ಹಿಡಿದು ಬಂದಳು. ಸೊಸೆಯನ್ನು ಜಗಲಿಯ ಕೆಳಗೇ ನಿಲ್ಲಿಸಿ, ತಾನೊಬ್ಬಳೇ ಮೆಟ್ಟಿಲು ಹತ್ತಿ, ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ, ಕುರ್ಚಿಯಲ್ಲಿ ಕೂತಳು.

"ಯಾವ ಕೈ ಕೊಡ್ತೀಯ ಅಜ್ಜಿ?" ಅಂತ ಟೆಕ್ನಿಷಿಯನ್ ಕೇಳಿದಳು.

ಮುದುಕಿ ಅಂಗಿಯ ಎರಡೂ ತೋಳು ಮೇಲಕ್ಕೆ ಸರಿಸಿದಳು. "ಯಾವ್ದಾದ್ರೂ ತಕಳವ್ವ. ಎರಡೂ ನಂದೇಯ."

ಟೆಕ್ನಿಷಿಯನ್ ನರ ಸವರಿ ನೋಡಿ, ಬಲಗೈಯಿಂದ ತೆಗೆದಳು. ಹಾಳೆಯಲ್ಲಿ ಹೊತ್ತು ಬರೆದು, ಪಕ್ಕದ ಕಾಲಮ್ಮಿನಲ್ಲಿ 'ಬಲ' ಎಂದು ಬರೆದುಕೊಂಡಳು.